ಚೀಟಿ ಹಿಡಿದು ಕೂತ ಕಾಕಾ

ಮೊನ್ನೆ ನಮ್ಮ ಕಾಲೇಜಿನ ಕಿರುಪರೀಕ್ಷೆಯಲ್ಲಿ ಒಬ್ಬ ಹುಡುಗಿ ಹೀಗೆ ಬರೆದಿದ್ದಳು: ‘ಆರ್‌ಎನ್‌ಎಗೆ ಅಂಟಿಕೊಳ್ಳುವ ಪ್ರೋಟೀನು ಎಂದರೆ ಕಬ್ಬಿನ ಫೀಲ್ಡ್‌ಮನ್ ಇದ್ದ ಹಾಗೆ. ಚೀಟಿಯನ್ನು ಯಾವಾಗ ಕೊಡಬೇಕು, ಎಷ್ಟು ದಿನ ಇಟ್ಟುಕೊಳ್ಳಬೇಕು, ಯಾವಾಗ ಹರಿದುಹಾಕಲು ಬಿಡಬೇಕು ಎಂಬುದೆಲ್ಲ ಅವನ ಕೈಯಲ್ಲಿದೆ.’ ನಾನು ಪೂರ್ತಿ ಮಾರ್ಕು ಕೊಟ್ಟೆ. ಆ ಪೇಪರು ಹೇಗೋ ಪ್ರಿನ್ಸಿಪಾಲರ ಕೈಗೆ ಸಿಕ್ಕಿತು. ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, “ಏನ್ರಿ ಇದು, ಜೀವಶಾಸ್ತ್ರದಾಗ ಸಕ್ಕರಿ ಕಾರ್ಖಾನಿ ಹೆಂಗ ಬಂತು?” ಎಂದು ಕೇಳಿದರು.

“ಸರ, ಅದು ನಮ್ಮ ಮನಿ ಮಾಲಕರ ಮೂತ್ರಕೋಶದಾಗಿಂದ ಬಂದದ್ರಿ,” ಎಂದೆ.

ಅವರು ಮುಂದೆ ಏನೂ ಕೇಳಲಿಲ್ಲ. ಮೂತ್ರ ಎಂಬ ಶಬ್ದ ಬಂದರೆ ಸಾಕು, ನಮ್ಮ ಹಳಿಯಾಳದಲ್ಲಿ ಎಂಥ ಚರ್ಚೆಯಾದರೂ ಅಲ್ಲಿಗೇ ನಿಂತುಬಿಡುತ್ತದೆ. ಗಂಡಸರಂತೂ ಮೋಡ ನೋಡತೊಡಗುತ್ತಾರೆ.

ನಾನು ಹಳಿಯಾಳಕ್ಕೆ ವರ್ಗವಾಗಿ ಬಂದಾಗ ಬಾಡಿಗೆಗೆ ಹಿಡಿದದ್ದು ಈ ಮಾಲಕರ ಮನೆಯ ಮಾಳಿಗೆಯನ್ನು. ಅವರ ಹೆಸರು ಬರೆಯುವುದಿಲ್ಲ. ಈ ತಾಲೂಕಿನ ಕಬ್ಬಿನ ರೈತರಲ್ಲಿ ಅರ್ಧ ಮಂದಿ ಆ ಹೆಸರಿಗೆ ಕೈ ಮುಗಿಯುತ್ತಾರೆ, ಉಳಿದವರು ಬೈಯುತ್ತಾರೆ. ನಾನು ಮೊದಲ ದಿನದಿಂದಲೂ ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಗೆ ಕಾಕೂ ಎನ್ನುತ್ತಿದ್ದೆ. ಕಾಕೂ ಮುಂಡಗೋಡ ಕಡೆಯ ಸನವಳ್ಳಿಯವರು. ಗಂಡನ ಬಗ್ಗೆ ಅವರದು ಒಂದೇ ದೂರು. “ಕಬ್ಬು ಕಡಿಯೂ ಹಂಗಾಮ ಚಾಲೂ ಆತಂದ್ರ ಈ ಮನುಷ್ಯಾ ಮನೀಗೆ ಬರೂದ ಇಲ್ಲ ನೋಡ್ರಿ. ಕಬ್ಬಿನ ಕೂಡ ಲಗ್ನ ಆಗ್ಯಾರ, ನನ್ನ ಕೂಡ ಅಲ್ಲ.”

ದೂರು ಸುಳ್ಳಲ್ಲ. ಕಾಕಾ ಸಕ್ಕರೆ ಕಾರ್ಖಾನೆಯಲ್ಲಿ ಫೀಲ್ಡ್‌ಮನ್. ಕಬ್ಬು ನಿಮ್ಮದಾದರೂ, ಹೊಲ ನಿಮ್ಮದಾದರೂ, ಕಾರ್ಖಾನೆಯ ಕಚೇರಿಯಿಂದ ಕಟಾವು ಚೀಟಿ ಬರದೆ ನೀವು ಕಡಿಯುವ ಹಾಗಿಲ್ಲ. ಆ ಚೀಟಿಯನ್ನು ಹೊಲಕ್ಕೆ ಮುಟ್ಟಿಸುವವರು ಕಾಕಾ. ಮುಟ್ಟಿಸದೆ ಇಟ್ಟುಕೊಳ್ಳುವವರೂ ಅವರೇ. ಅವರ ಅಂಗಿಯ ಎಡ ಜೇಬು ಸದಾ ಉಬ್ಬಿರುತ್ತಿತ್ತು. ಅದರಲ್ಲಿ ರಬ್ಬರ್ ಬ್ಯಾಂಡು ಸುತ್ತಿದ ಚೀಟಿಗಳ ಕಟ್ಟು, ಅದರ ಹಿಂದೆ ಬೀಡಿ ಕಟ್ಟು. ಮಾತಾಡುವಾಗಲೆಲ್ಲ ಒಂದು ಸಲ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಕಬ್ಬಿನ ಸಿಹಿ ಅಳೆಯಲು ಕಾರ್ಖಾನೆ ಕೊಟ್ಟ ಯಂತ್ರವನ್ನು ಮೊಮ್ಮಗಳ ಕೈಗೆ ಆಡಲು ಕೊಟ್ಟಿದ್ದರು. ತಾವು ಮಾತ್ರ ಕಬ್ಬಿನ ಜಲ್ಲೆಯ ನಡುವಿನ ಗಣಿಕೆ ಮುರಿದು, ಹಲ್ಲಿನಿಂದ ಸಿಗಿದು, ಕಣ್ಣು ಮುಚ್ಚಿ ಅಗಿದು, ಉಗುಳಿ, “ಇನ್ನ ಇಪ್ಪತ್ತ ದಿನ,” ಎನ್ನುತ್ತಿದ್ದರು. ಕಚೇರಿಯವರು ಚೀಟಿಯ ಮೇಲೆ ಯಾವ ತಾರೀಖು ಬರೆದಿದ್ದರೂ ಕಾಕಾ ಅದಕ್ಕೆ ಇಪ್ಪತ್ತು ದಿನ ಸೇರಿಸಿಯೇ ಹೊಲಕ್ಕೆ ಒಯ್ಯುತ್ತಿದ್ದರು.

“ಕಚೇರ್ಯಾಗ ಕುಂತಾಂವಗ ಫ್ಯಾನ್ ಕಾಣತೈತಿ, ಕಬ್ಬು ಕಾಣೂದಿಲ್ರಿ ಸರ,” ಎನ್ನುತ್ತಿದ್ದರು. “ಚೀಟಿ ಮ್ಯಾಲಿನ ತಾರೀಖು ಅಂದ್ರ ಲಗ್ನಪತ್ರಿಕಿ ಮ್ಯಾಲೆ ಊಟದ ಟೈಮ್ ಬರದಂಗ. ಯಾವತ್ತರೇ ಖರೇ ಆಗತೈತೇನ್ರಿ?”

ಇದರಿಂದ ಅವರ ಮನೆಯ ಕಟ್ಟೆಯ ಮೇಲೆ ಯಾರಾದರೊಬ್ಬ ಸಿಟ್ಟಿನ ರೈತ ಕೂತೇ ಇರುತ್ತಿದ್ದ. ಅವರಲ್ಲಿ ಮುಖ್ಯನಾದವನು ಜುಜೆ. ಕಾಡಂಚಿನ ಹಳ್ಳಿಯ ಸಿದ್ದಿ ರೈತ, ಎರಡು ಎಕರೆ ಕಬ್ಬು, ಎತ್ತರದ ಆಳು, ಅದಕ್ಕಿಂತ ಎತ್ತರದ ದನಿ. ಒಂದು ಹಂಗಾಮಿನಲ್ಲಿ ಜುಜೆ ತನ್ನ ಚೀಟಿಗಾಗಿ ಹದಿನೇಳು ದಿನ ಬೆಳಗಾದರೆ ಬಂದು ಕಟ್ಟೆಯ ಮೇಲೆ ಕೂತ. ಕಾಕಾ ಹೊಲಗಳಿಗೆ ಹೊರಡುವ ಮುಂಚೆ ದಿನಾ ಚಹಾ ಕೊಟ್ಟರು, ಚೀಟಿ ಕೊಡಲಿಲ್ಲ. ಹದಿನೆಂಟನೆಯ ದಿನ ಕೊಟ್ಟರು. ಆ ವರ್ಷ ಜುಜೆಯ ಕಬ್ಬು ಎಂದೂ ತೂಗದಷ್ಟು ತೂಗಿತು. ಅದು ಚೀಟಿ ತಡೆದದ್ದರ ಫಲ ಎಂದು ಅವನು ಇವತ್ತಿನವರೆಗೂ ಒಪ್ಪಿಕೊಂಡಿಲ್ಲ. ಅವತ್ತಿನಿಂದ ಇಬ್ಬರೂ ಜೀವದ ಗೆಳೆಯರಾಗಿ ದಿನಾ ಬೈದಾಡುತ್ತಿದ್ದರು.

ನಿವೃತ್ತಿಯಾದ ಮೊದಲ ಬೇಸಿಗೆಯಲ್ಲಿ ಕಾಕಾ ಒಂದು ಸಂಜೆ ಮೆಟ್ಟಿಲು ಹತ್ತಿ ನನ್ನ ಮಾಳಿಗೆಗೆ ಬಂದರು. ಕುರ್ಚಿ ಕೊಟ್ಟರೆ ಕೂರಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ಹೇಳಿದರು:

“ಸರ, ನನ್ನ ದೋಸ್ತ ಒಬ್ಬಾಂವ ಅದಾನ. ಅವಂಗ ಒಂದಕ್ಕ ಕೆಂಪಗ ಬರಾಕತ್ತೈತಿ. ಉಷ್ಣ ಇರಬೇಕಲ್ರಿ?”

“ಎಷ್ಟು ದಿನ ಆತ್ರಿ ಕಾಕಾ?”

“ಒಮ್ಮೆ ಬಂತು, ನಿಂತಿತು. ಮತ್ತ ಬಂತು. ಅಂವ ಮುರುಗಲ ಪಾನಕ ಭಾಳ ಕುಡಿತಾನ್ರಿ, ಜೋಯಿಡಾ ಕಡೇದು. ಕೆಂಪು ಕುಡಿದ್ರ ಕೆಂಪು ಬರಬೇಕಲ್ಲ?”

“ಪಾನಕ ಯಾವಾಗಿಂದ ಕುಡಿಯಾಕ ಹತ್ಯಾನ್ರಿ?”

“ಕೆಂಪು ಬಂದ ಮ್ಯಾಲೆ. ಉಷ್ಣಕ್ಕ.”

“ನೋವು?”

“ಇಲ್ರಿ, ನನಗ ನೋ... ಅವಂಗ ಏನೂ ನೋವಿಲ್ಲ.”

ನೋವಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ವಯಸ್ಸಾದವರಿಗೆ, ಅದರಲ್ಲೂ ಬೀಡಿ ಸೇದುವವರಿಗೆ, ನೋವಿಲ್ಲದೆ ರಕ್ತ ಬಂದರೆ ಮೊದಲು ಮೂತ್ರಕೋಶವನ್ನೇ ನೋಡಬೇಕು. “ನಿಮ್ಮ ದೋಸ್ತನ್ನ ನಾಳೆ ಏಳರ ಹುಬ್ಬಳ್ಳಿ ಬಸ್ಸಿಗೆ ಕರಕೊಂಡ ಬರ್ರಿ, ನಾನೂ ಬರ್ತೇನಿ,” ಎಂದೆ. ಕಾಕಾ ಜೇಬು ಮುಟ್ಟಿ ನೋಡಿಕೊಂಡು, “ಅಂವ ಇಲ್ಲೇ ಕೆಳಗ ಮಲಗತಾನ್ರಿ,” ಎಂದರು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೂತ್ರದ ದಾರಿಯಿಂದಲೇ ದುರ್ಬೀನು ಹಾಕಿ ನೋಡಿದರು. ಗಡ್ಡೆ ಸಿಕ್ಕಿತು. ಅದೇ ದಾರಿಯಿಂದ ಕೆರೆದು ತೆಗೆದರು. ಕ್ಯಾನ್ಸರ್ ನಿಜ, ಆದರೆ ಒಳಪದರದಲ್ಲಷ್ಟೇ ಇದೆ, ಬೀಡಿ ಬಿಡಬೇಕು, ಮೂರು ಮೂರು ತಿಂಗಳಿಗೊಮ್ಮೆ ತಪ್ಪದೆ ಬಂದು ದುರ್ಬೀನು ಹಾಕಿಸಿಕೊಳ್ಳಬೇಕು ಎಂದರು. ಕಾಕಾ ಅವರಿಗೆ ಕ್ಯಾನ್ಸರಿಗಿಂತ ಬೀಡಿಯ ಮಾತೇ ಆಶ್ಚರ್ಯವಾಯಿತು.

“ಬೀಡಿ ಎದೀಗೆ ಹೋಗತೈತಿ. ಅಲ್ಲೆ ಹೆಂಗ ಹೋತ್ರಿ ಸರ?”

ಹೊಗೆಯ ವಿಷ ರಕ್ತಕ್ಕಿಳಿದು, ಮೂತ್ರಪಿಂಡ ಅದನ್ನು ಸೋಸಿ ಮೂತ್ರಕೋಶದಲ್ಲಿ ತುಂಬಿಸಿಡುತ್ತದೆ, ಗಂಟೆಗಟ್ಟಲೆ ಅಲ್ಲೇ ನಿಲ್ಲುತ್ತದೆ ಎಂದು ಹೇಳಿದೆ. “ಅಂದ್ರ ನಲವತ್ತ ವರ್ಷ ನಾ ಕೆಳಗ ಬೂದಿ ಝಾಡಿಸಿಕೋತ ಬಂದೇನಿ,” ಎಂದರು. ಬೀಡಿ ಕಟ್ಟನ್ನು ಅಲ್ಲೇ ಆಸ್ಪತ್ರೆಯ ಕಸದ ಡಬ್ಬಿಗೆ ಹಾಕಿದರು. ಊರಿಗೆ ಬಂದ ಮೇಲೆ ಬೀಡಿಯ ಬದಲು ಕಬ್ಬು ಜಗಿಯತೊಡಗಿದರು.

ಅವರು ಇನ್ನೂ ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗಲೇ ಒಬ್ಬ ಎಳೆಯ ಡಾಕ್ಟರಬಾಯಿ ಕೈಯಲ್ಲಿ ಕಾಗದ ಹಿಡಿದು ಬಂದಳು. ಸಂಶೋಧನೆ ಮಾಡುತ್ತಿದ್ದಳು. ತೆಗೆದ ಗಡ್ಡೆಯ ಒಂದು ತುಣುಕನ್ನು ಇಟ್ಟುಕೊಳ್ಳಲು ಒಪ್ಪಿಗೆ ಬೇಕಿತ್ತು. ಚೀಟಿಯಲ್ಲಿ ಜೀವ ಸವೆಸಿದ ಮನುಷ್ಯ ಓದದ ಕಾಗದಕ್ಕೆ ಸಹಿ ಮಾಡುತ್ತಾರೆಯೇ? “ಇದರಾಗ ಏನ ನೋಡ್ತೀರವಾ?” ಎಂದು ಕೇಳಿದರು. ಆರ್‌ಎನ್‌ಎಗೆ ಅಂಟಿಕೊಳ್ಳುವ ಪ್ರೋಟೀನುಗಳನ್ನು, ಎಂದಳು ಆಕೆ. ಕಾಕಾ ನನ್ನ ಕಡೆ ತಿರುಗಿದರು. ನನಗೆ ಒಳಗೊಳಗೇ ಹಿಗ್ಗು. ಇಪ್ಪತ್ತು ವರ್ಷ ಪಾಠ ಹೇಳಿದವನು ನಾನು. ಎದ್ದು ನಿಂತು ಕೋಶಕೇಂದ್ರ, ಪ್ರತಿಲೇಖನ, ಅನುವಾದ ಎಂದು ಹತ್ತು ನಿಮಿಷ ಬಿಡದೆ ಹೇಳಿದೆ. ಪಕ್ಕದ ಹಾಸಿಗೆಯವರು ನಿದ್ದೆ ಹೋದರು.

“ಸರ, ಕನ್ನಡದಾಗ ಹೇಳ್ರಿ.”

“ಕನ್ನಡದಾಗ ಹೇಳಾಕತ್ತೇನ್ರಿ ಕಾಕಾ.”

“ಹಂಗಾದ್ರ ಹಳಿಯಾಳದ ಕನ್ನಡದಾಗ ಹೇಳ್ರಿ.”

ಆಗ ನನ್ನ ಕಣ್ಣು ಅವರ ಅಂಗಿಯ ಜೇಬಿನ ಮೇಲೆ ಬಿತ್ತು. ನಿವೃತ್ತಿಯಾದರೂ ಅದು ಈಗ ಆಸ್ಪತ್ರೆಯ ಚೀಟಿಗಳಿಂದ ಉಬ್ಬಿಯೇ ಇತ್ತು. “ಕಾಕಾ, ನಿಮ್ಮ ಮೈಯಾಗ ಕೋಟಿಗಟ್ಟಲೆ ಸಣ್ಣ ಸಣ್ಣ ಕಾರ್ಖಾನಿ ಅದಾವ ಅಂತ ತಿಳ್ಕೋರಿ. ಒಂದೊಂದರಾಗೂ ಒಂದು ಕಚೇರಿ ಐತಿ. ಏನ ಮಾಡಬೇಕು ಅನ್ನೂ ಹುಕುಂ ಆ ಕಚೇರ್ಯಾಗಿಂದ ಚೀಟ್ಯಾಗಿ ಹೊಂಡತೈತಿ. ಆ ಚೀಟೀನ ಆರ್‌ಎನ್‌ಎ. ಆದ್ರ ಚೀಟಿ ತಾನ ನಡಕೋತ ಹೋಗೂದಿಲ್ಲ. ಅದನ್ನ ಹಿಡಕೊಳ್ಳಾವರು ಅದಾರ. ಈ ಚೀಟಿ ಈಗ ಮುಟ್ಟಿಸೂಣು, ಇದನ್ನ ತಡದ ಇಡೂಣು, ಇದರ ಕೆಲಸ ಮುಗೀತು, ಹರಿಯಾಕ ಬಿಡೂಣು ಅಂತ ನೋಡ್ಕೊಳ್ಳಾವರು. ಅವರ ಆ ಪ್ರೋಟೀನು.”

ಕಾಕಾ ಹಾಸಿಗೆಯಲ್ಲಿ ಎದ್ದು ಕೂತರು. “ಫೀಲ್ಡ್‌ಮನ್!”

“ಫೀಲ್ಡ್‌ಮನ್. ಇಂಥಾ ಗಡ್ಡ್ಯಾಗ ಏನಾಗತೈತಿ ಅಂದ್ರ, ಅವರಾಗ ಕೆಲವರು ವಿಪರೀತ ಹೆಚ್ಚಾಗಿ, ‘ಬೆಳಿ, ಬೆಳಿ’ ಅಂತ ಬರದ ಚೀಟೀನ ಹರಿಯಾಕ ಬಿಡೂದಿಲ್ಲ. ಹಿಡಕೊಂಡ ಕುಂದರತಾರ. ಕಬ್ಬಿನ ಗಾಡಿ ಹೋದ ಮ್ಯಾಲೂ ಅದ ಚೀಟಿ ತೋರಿಸಿ ಮತ್ತ ಗಾಡಿ, ಮತ್ತ ಗಾಡಿ.”

ಕಾಕಾರ ಮುಖ ಕೆಂಪಾಯಿತು. ಕ್ಯಾನ್ಸರ್ ಎಂದಾಗಲೂ ಅವರಿಗೆ ಇಷ್ಟು ಸಿಟ್ಟು ಬಂದಿರಲಿಲ್ಲ. “ಹಳೇ ಚೀಟಿ ಮ್ಯಾಲೆ ಗಾಡಿ ತುಂಬಸತಾನ? ನನ್ನ ಮೈಯಾಗ ಕುಂತು? ಯಾರ್ರಿ ಅಂವ? ಯಾವ ಸೆಕ್ಷನ್ನಿನಾಂವ?”

ಡಾಕ್ಟರಬಾಯಿ ನಗು ತಡೆಯಲಾಗದೆ ಹಾಸಿಗೆಯ ಕಂಬ ಹಿಡಿದುಕೊಂಡಳು. “ಅದನ್ನ ಹುಡಕಾಕತ್ತೇವ್ರಿ ಅಜ್ಜಾರ. ಅಂಥಾವರು ನೂರಾರು ಮಂದಿ ಅದಾರ. ಯಾರು ಕೆಟ್ಟಾರ ಅಂತ ಗೊತ್ತಾದ್ರ, ಯಾರಿಗೆ ಗಡ್ಡಿ ತಿರುಗಿ ಬರತೈತಿ ಅಂತ ಮುಂದ ಹೇಳಾಕ ಬರಬಹುದು.”

“ಸಿಕ್ಕ ಮ್ಯಾಲೆ ಸಸ್ಪೆಂಡ್ ಮಾಡ್ತೀರಿಲ್ಲೋ?”

“ಆ ಔಷಧ ಇನ್ನೂ ಬಂದಿಲ್ರಿ. ಮೊದಲ ಹುಡಕೂಣು.”

ಕಾಕಾ ಸಹಿ ಮಾಡಿದರು. ಮಾಡಿ, ಆ ತುಣುಕನ್ನು ಎಲ್ಲಿಡುತ್ತೀರಿ ಎಂದು ವಿಚಾರಿಸಿದರು. ಬರ್ಫಕ್ಕಿಂತ ಎಷ್ಟೋ ಪಟ್ಟು ತಣ್ಣಗಿನ ಫ್ರಿಜ್ಜಿನಲ್ಲಿ ಎಂದು ಕೇಳಿ, “ಅದಕ್ಕ ಥಂಡಿ ಆಗೂದಿಲ್ಲೇನ್ರಿ ಪಾಪ?” ಎಂದರು.

ಊರಿಗೆ ಬಂದ ಮೇಲೆ ಅವರನ್ನು ಹಿಡಿಯುವವರೇ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ರೈತರಿಗೆ ಆರ್‌ಎನ್‌ಎ ಪಾಠ ಶುರು ಮಾಡಿದರು. ನನ್ನ ಕ್ಲಾಸಿಗಿಂತ ಅಲ್ಲಿ ಜನ ಹೆಚ್ಚು, ಪ್ರಶ್ನೆಗಳೂ ಹೆಚ್ಚು. “ನಾ ಎಲ್ಲಿ ರಿಟೈರ್ ಆಗೇನಿ? ನನ್ನ ಒಂದು ತುಣುಕು ಹುಬ್ಬಳ್ಳ್ಯಾಗ ಡ್ಯೂಟಿ ಮ್ಯಾಲೆ ಐತಿ,” ಎನ್ನುವರು. ಹಾಸ್ಟೆಲಿನಲ್ಲಿಟ್ಟ ಮಗನ ಬಗ್ಗೆ ಕೇಳುವಂತೆ ತಿಂಗಳಿಗೊಮ್ಮೆ ಡಾಕ್ಟರಬಾಯಿಗೆ ಫೋನು ಮಾಡಿ, “ನಮ್ಮದು ಹೆಂಗೈತ್ರಿ?” ಎಂದು ವಿಚಾರಿಸುವರು.

ಮೊದಲ ತಪಾಸಣೆಗೆ ಹೋಗಿ ಬಂದರು. ಎಲ್ಲ ಸ್ವಚ್ಛ. ಎರಡನೆಯ ತಾರೀಖು ಹತ್ತಿರ ಬಂದಾಗ ನಾನು ಕೇಳಿದೆ. “ಡಾಕ್ಟರಬಾಯಿ ಮುಂದ ಹಾಕ್ಯಾಳ್ರಿ,” ಎಂದರು. ನಾನು ನಂಬಿದೆ. ನಾನೇ ಒಂದು ಫೋನು ಮಾಡಿ ಕೇಳಬಹುದಿತ್ತು. ಆ ಫೋನು ಮಾಡಲಿಲ್ಲ. ಅದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಾಲ್ಕು ತಿಂಗಳ ಮೇಲೆ ಕಾಕೂ ಒಂದು ಮುಂಜಾನೆ ಒದ್ದೆ ಕೈಯಲ್ಲೇ ಮಾಳಿಗೆ ಹತ್ತಿ ಬಂದರು. ಒಗೆಯಲು ಹಾಕಿದ ಅಂಗಿಯ ಜೇಬಿನಲ್ಲಿ ಸಿಕ್ಕ ಆಸ್ಪತ್ರೆಯ ಚೀಟಿ ಅವರ ಕೈಯಲ್ಲಿತ್ತು. “ಸರ, ಇದರ ಮ್ಯಾಲೆ ಯಾವ ತಾರೀಖು ಐತಿ ನೋಡ್ರಿ.” ನೋಡಿದೆ. ಚಪ್ಪಲಿ ಕೂಡ ಹಾಕದೆ ಕೆಳಗಿಳಿದೆ. ಕಾಕಾ ಕಟ್ಟೆಯ ಮೇಲೆ ಕೂತು ಕಬ್ಬು ಜಗಿಯುತ್ತಿದ್ದರು.

“ಏನ್ರಿ ಕಾಕಾ ಇದು! ನಾಲ್ಕು ತಿಂಗಳ ಆತಲ್ರಿ!”

“ಕಚೇರ್ಯಾವರು ಬರದ ತಾರೀಖು ಅದು. ನೋವಿಲ್ಲ, ಕೆಂಪಿಲ್ಲ, ಇನ್ನೂ ಬೆಳಿ ಮಾಗಿಲ್ರಿ. ಮಾಗಿದ ಮ್ಯಾಲೆ ನಾನ ಒಯ್ದ ಕೊಡ್ತೇನಿ.”

“ಅದು ಕಬ್ಬಿನ ಚೀಟಿ ಅಲ್ರಿ ಕಾಕಾ, ಮಾಗೂದಕ್ಕ ಬಿಡಬಾರದ್ದು ಅದು!”

“ಚೀಟಿ ಯಾವಾಗ ಮುಟ್ಟಿಸಬೇಕು ಅಂತ ಹಿಡದಾಂವ ನೋಡ್ತಾನ ಅಂತ ನೀವ ಹೇಳಿದ್ರಲ್ರಿ,” ಎಂದು ತಣ್ಣಗೆ ಅಂದರು.

ಗೊತ್ತಾಗಲಿ ಎಂದು ನಾನು ಆ ಹೋಲಿಕೆ ಹೇಳಿದ್ದೆ, ಅವರು ಅದನ್ನೇ ತಮ್ಮ ನಲವತ್ತು ವರ್ಷದ ಚಾಳಿಗೆ ಸಮರ್ಥನೆ ಮಾಡಿಕೊಂಡು ಕೂತಿದ್ದರು. ಒಂದು ವಾರ ಕೂಗಾಡಿದೆ, ಕೈ ಮುಗಿದೆ. ಕಾಕೂ ಊಟ ಬಿಟ್ಟರು. “ಇನ್ನ ಇಪ್ಪತ್ತ ದಿನ,” ಎಂದರೇ ಹೊರತು ಆಸಾಮಿ ಕಟ್ಟೆಯಿಂದ ಏಳಲಿಲ್ಲ. ಕೊನೆಗೆ ನಾನು ಜುಜೆಗೆ ಹೇಳಿ ಕಳಿಸಿದೆ.

ಮರುದಿನ ಬೆಳಿಗ್ಗೆ ಆರಕ್ಕೆ ಮನೆಯ ಮುಂದೆ ಟ್ರ್ಯಾಕ್ಟರ್ ಬಂದು ನಿಂತಿತು. ಟ್ರೇಲರಿನಲ್ಲಿ ಐದಾರು ರೈತರು. ಎಲ್ಲರೂ ಒಂದಲ್ಲ ಒಂದು ಹಂಗಾಮಿನಲ್ಲಿ ಅದೇ ಕಟ್ಟೆಯ ಮೇಲೆ ಚೀಟಿಗಾಗಿ ಕೂತವರು. ಜುಜೆ ಇಳಿದು ಬಂದು ಜೇಬಿನಿಂದ ಒಂದು ಕಾಗದ ತೆಗೆದು ದೊಡ್ಡ ದನಿಯಲ್ಲಿ ಓದಿದ.

“ಕಟಾವು ಚೀಟಿ! ರೈತರ ಹೆಸರು, ನಿಮ್ಮದು! ಹೊಲ, ನಿಮ್ಮ ಹೊಟ್ಟಿ! ಬೆಳಿ, ಬೀಡಿ ಬೆಳಿ! ತಾರೀಖು, ಇವತ್ತ! ಟೈಮ್, ಈಗ!”

“ಏ ಜುಜ್ಯಾ, ನಿನಗ ಚೀಟಿ ಬರಿಯಾಕ ಯಾರ ಅಧಿಕಾರ ಕೊಟ್ಟಾರ?”

“ಹದಿನೇಳ ದಿನ ಈ ಕಟ್ಟಿ ಮ್ಯಾಲೆ ಕುಂತೇನಿ. ಇವತ್ತ ನಾ ಫೀಲ್ಡ್‌ಮನ್, ನೀ ಕಬ್ಬು. ಗಾಡಿ ಹತ್ತು!”

ಕಾಕಾ ಸುತ್ತಲೂ ನೋಡಿದರು. ಓಣಿಯೆಲ್ಲ ಬಾಗಿಲಿಗೆ ಬಂದಿತ್ತು. ಕಾಗದವನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ, “ಕಾರ್ಖಾನಿ ಶಿಕ್ಕಾ ಒತ್ತಿಲ್ಲ ಇದಕ್ಕ,” ಎಂದು ಗೊಣಗಿದರು. ಆದರೂ ಒಳಗೆ ಹೋಗಿ ಧೋತರ ಬದಲಿಸಿ ಬಂದು ಟ್ರೇಲರು ಹತ್ತಿದರು. ಬಸ್‌ಸ್ಟ್ಯಾಂಡಿನವರೆಗೆ ಅವರ ಮೆರವಣಿಗೆ ಹಾಗೇ ನಡೆಯಿತು. ಅಲ್ಲಿಂದ ನಾನು, ಕಾಕೂ, ಜುಜೆ ಅವರನ್ನು ಬಸ್ಸಿನಲ್ಲಿ ನಡುವೆ ಕೂರಿಸಿಕೊಂಡು ಹುಬ್ಬಳ್ಳಿಗೆ ಒಯ್ದೆವು.

ತಡವಾಗಿತ್ತು. ಗಡ್ಡೆ ತಿರುಗಿ ಬಂದಿತ್ತು. ಒಳಪದರ ದಾಟಿ ಮೂತ್ರಕೋಶದ ಗೋಡೆಗೇ ಇಳಿದಿತ್ತು. ಮೂತ್ರಕೋಶವನ್ನೇ ತೆಗೆಯಬೇಕು ಎಂದರು. ಆಸ್ಪತ್ರೆಯ ಜಗಲಿಯ ಮೇಲೆ ಕೂತು ನಾನು ಅತ್ತೆ. ನನ್ನ ಜಾಣ ಮಾತು ಅವರನ್ನು ಕೆಡಿಸಿತು ಎಂದು ಜುಜೆಗೆ ಹೇಳಿದೆ. ಅವನು, “ನೀವ ಹೇಳ್ದಿದ್ರೂ ಅಂವ ಹಂಗ ಮಾಡ್ತಿದ್ದ ಬಿಡ್ರಿ ಸರ, ಆ ಮನುಷ್ಯಾನ ನಿಮಗಿಂತ ಮೊದಲಿಂದ ಬಲ್ಲೆ,” ಎಂದು ಬೆನ್ನು ಸವರಿದ. ಇರಬಹುದು. ನನಗೆ ಇನ್ನೂ ಪೂರ್ತಿ ಸಮಾಧಾನವಿಲ್ಲ.

ಆಪರೇಷನ್ನಾದ ಮೇಲೆ ಹೊಟ್ಟೆಯ ಬದಿಗೊಂದು ಚೀಲ ಬಂತು, ಮೂತ್ರ ಅದರಲ್ಲಿ ತುಂಬಬೇಕು. ನಾವೆಲ್ಲ ಅದನ್ನು ನೋಡದವರ ಹಾಗೆ ನಟಿಸುತ್ತಿದ್ದೆವು. ಕಾಕಾ ಮಾತ್ರ ಅದರ ಮೇಲೆ ಕೈಯಿಟ್ಟು, “ಛಲೋ ಆತ್ರಿ. ಇನ್ನ ಮಾತು ನಡದಾಗ ನಡುವ ಏಳೂದು ತಪ್ಪಿತು,” ಎಂದರು. ಹಾಗೆ ಮೂರು ವರ್ಷ ಬದುಕಿದರು. ಒಂದು ತಾರೀಖೂ ತಪ್ಪಿಸಲಿಲ್ಲ. ಹುಬ್ಬಳ್ಳಿಯಿಂದ ಬಂದ ಕೂಡಲೇ ಗೇಟಿನಲ್ಲಿ ನಿಂತು, ಮಾಳಿಗೆಯಲ್ಲಿದ್ದ ನನಗೆ ಕಾಣುವ ಹಾಗೆ ಚೀಟಿಯನ್ನು ಎತ್ತಿ ಹಿಡಿದು ಹರಿಯುತ್ತಿದ್ದರು. “ಕೆಲಸ ಮುಗೀತು, ಹರದೇನ್ರಿ ಸರ!”

ಸಂತೆಯ ದಿನವಂತೂ ಅವರನ್ನು ಕಂಡರೆ ಗಂಡಸರು ಓಣಿ ಬದಲಿಸುತ್ತಿದ್ದರು. ಎದುರಾದವರಿಗೆಲ್ಲ ಒಂದೇ ಮಾತು: “ನಮಸ್ಕಾರ್ರಿ, ಆರಾಮ? ಯಾವ ಬಣ್ಣ?” ಹೆಣ್ಣುಮಕ್ಕಳು ಮಾರುವ ಬದನೆಕಾಯಿ ಬುಟ್ಟಿಯ ಮುಂದೆಯೇ ನಿಂತು ಕೇಳುವರು. ಕಾಕೂ ಸೆರಗಿನಿಂದ ಮುಖ ಮುಚ್ಚಿಕೊಳ್ಳುವರು. ಆದರೆ ಉಷ್ಣ, ಮುರುಗಲ ಪಾನಕ ಎಂದು ಮುಚ್ಚಿಟ್ಟುಕೊಂಡಿದ್ದ ನಾಲ್ಕು ಮಂದಿಯನ್ನು ಹೀಗೆ ಹಿಡಿದು ಏಳರ ಬಸ್ಸಿಗೆ ಹತ್ತಿಸಿದ್ದನ್ನು ನಾನೇ ನೋಡಿದ್ದೇನೆ. ಅವರಲ್ಲಿ ಮೂವರಿಗೆ ಬರೀ ಹರಳು. ಒಬ್ಬನಿಗೆ ಗಡ್ಡೆಯೇ ಇತ್ತು, ಎಳೆಯದರಲ್ಲೇ ತೆಗೆದರು. ಅವನು ಈಗಲೂ ಚೆನ್ನಾಗಿದ್ದಾನೆ.

ಹೋದ ವರ್ಷ ಕಬ್ಬಿನ ಹಂಗಾಮು ಶುರುವಾದ ವಾರದಲ್ಲೇ ಕಾಕಾ ಹೋದರು. ಗಡ್ಡೆ ಬೇರೆ ಕಡೆ ಹರಡಿತ್ತು. ಅವರಲ್ಲಿ ಸುಡುವ ಪದ್ಧತಿಯಿಲ್ಲ, ಕೂರಿಸಿ ಮಣ್ಣು ಕೊಡುತ್ತಾರೆ. ಜುಜೆ ಬೆಳಗಿನಿಂದ ತಾನೇ ನಿಂತು ಕುಣಿ ತೋಡಿಸಿದ್ದ. ಅಂಗಳದಲ್ಲಿ ಕಾಕಾ ಅವರನ್ನು ಹೂವು ಹಾಕಿ ಕೂರಿಸಿದ್ದರು. ಯಾರೋ ಅಂಗಿಯ ಎಡ ಜೇಬಿನಲ್ಲಿ ಕಬ್ಬಿನ ಗಣಿಕೆ ಇಟ್ಟಿದ್ದರು. ಇನ್ನೇನು ಎತ್ತಬೇಕು, ಕಾಕೂ ಕೈ ಅಡ್ಡ ಮಾಡಿದರು. ನನ್ನನ್ನು ಕರೆದರು.

“ಸರ, ಇವರದೊಂದು ತುಣುಕು ಹುಬ್ಬಳ್ಳ್ಯಾಗ ಐತೆಲ್ರಿ. ಅದನ್ನ ತರಸ್ರಿ. ಮಣ್ಣಿಗೆ ಹೋದ್ರ ಪೂರಾ ಹೋಗಬೇಕು. ಅರ್ಧಾ ಇಲ್ಲೆ, ಅರ್ಧಾ ಅಲ್ಲೆ, ಹೆಂಗ ಕಳಸ್ಲಿ?”

ನಾನು ಡಾಕ್ಟರಬಾಯಿಗೆ ಫೋನು ಹಚ್ಚಿದೆ. ಆಕೆ ಈಗ ಅದೇ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು. ವಿಷಯ ಹೇಳಿದೆ. ಮನೆಯವರು ಬೇಕೆಂದರೆ ಕೊಡುತ್ತೇನೆ, ಅದು ನಿಮ್ಮ ಹಕ್ಕು ಎಂದಳು. ನಾನು ಫೋನನ್ನು ಕಾಕೂ ಕಿವಿಗೆ ಹಿಡಿದೆ, ದನಿ ಎಲ್ಲರಿಗೂ ಕೇಳುವ ಹಾಗೆ ಮಾಡಿದೆ.

“ಆ ಕೆಟ್ಟ ಫೀಲ್ಡ್‌ಮನ್ ಸಿಕ್ಕನೇನವಾ?” ಎಂದು ಕಾಕೂ ಕೇಳಿದರು.

“ಒಬ್ಬನ ಮ್ಯಾಲೆ ಸಂಶಯ ಐತ್ರಿ ಅಮ್ಮಾ. ಅಜ್ಜಾರ ತುಣುಕಿನಾಗ ಅಂವ ಭಾಳ ಕಂಡಾನ. ಆದ್ರ ಖಾತ್ರಿ ಆಗಿಲ್ಲ. ಇನ್ನೂ ನೋಡಾಕತ್ತೇವ್ರಿ.”

“ಅಂದ್ರ ಅಲ್ಲೆ ಇವರ ಕೆಲಸ ಇನ್ನೂ ಮುಗಿದಿಲ್ಲ?”

“ಇಲ್ರಿ ಅಮ್ಮಾ. ಇನ್ನೂ ಐತ್ರಿ.”

ಕಾಕೂ ಗಂಡನ ಮುಖವನ್ನು ನೋಡಿದರು. ಅಂಗಿಯ ಜೇಬನ್ನು ಒಮ್ಮೆ ಸರಿಮಾಡಿದರು. ಅಡ್ಡ ಹಿಡಿದ ಕೈ ತೆಗೆದು, ಸೆರಗಿನಿಂದ ಕಣ್ಣು ಒರೆಸಿಕೊಂಡು, ಜುಜೆಗೆ ಎತ್ತು ಎಂದು ಸನ್ನೆ ಮಾಡಿದರು.

“ಇರ್ಲಿ ಬಿಡವಾ,” ಎಂದರು ಫೋನಿಗೆ. “ಹಂಗಾಮ ಮುಗಿಯೂತನಕ ಅವರು ಯಾವಾಗ ಮನೀಗೆ ಬಂದಾರ?”